ಎರೆಸೀಮೆಯ ಅಲಗಿಗೆ ಮಳೆಗಾಲದ ಪಾಠಗಳು

ನಮ್ಮ ಎರೆಸೀಮೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆ ಬೇಸಿಗೆಯಲ್ಲಿ ಕುಡಗೋಲು ಬಯಲಲ್ಲಿ ಬಿದ್ದಿದ್ದರೂ ಜಂಗು ಹಿಡಿಯುವುದು ಕಡಿಮೆ. ಆ ಧೈರ್ಯವೇ ಮಳೆಗಾಲದಲ್ಲಿ ಅಲಗು ಕೆಡಿಸುತ್ತದೆ. ಗಾಳಿಯ ತೇವ ಶೇ. 60–70 ದಾಟಿದರೆ ಕಬ್ಬಿಣ ತಾನೇ ತುಕ್ಕಿಗೆ ತಿರುಗುತ್ತದೆ. ಕುಲುಮೆಯ ಮುಂದೆ ಕೂತು ಕಲಿತದ್ದನ್ನು ಬರೆದಿದ್ದೇನೆ.

1. ಹೊಲದ ಅಲಗಿಗೆ ಲಾರಿಯ ಸ್ಪ್ರಿಂಗ್ ಪಾಟಾನೇ ಸರಿ. ಅದರಲ್ಲಿ ಇಂಗಾಲ ಶೇ. 0.6ರ ಆಸುಪಾಸು ಇರುತ್ತದೆ, ಹದ ಹಿಡಿಯುತ್ತದೆ. ಡಿಸೆಂಬರ್–ಜನವರಿಯ ತೊಗರಿ ಕಟ್ಟಿಗೆಗೆ, ಕಬ್ಬಿನ ಬುಡಕ್ಕೆ ಅಂಥ ಬಾಯಿಯೇ ಬೇಕು. ಜಂಗು ಹಿಡಿಯದ ಕೊಯ್ತಾ (ಕಬ್ಬು ಕಡಿಯುವ ಕತ್ತಿ) ಬೇಕೆಂದು ಪಾತ್ರೆಯ ಸ್ಟೀಲ್ ತಂದವರಿಗೆ ಬೇಡವೆನ್ನುತ್ತೇನೆ. ಅದರಲ್ಲಿ ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ, ಎಷ್ಟು ಕಾಯಿಸಿ ಅದ್ದಿದರೂ ಗಟ್ಟಿಯಾಗದು. ಅಡುಗೆಮನೆಯ ಮಾತು ಬೇರೆ: ಟೊಮೆಟೊ, ನಿಂಬೆ, ಹುಣಸೆಯ ಹುಳಿ ತಾಗುವಲ್ಲಿ ಶೇ. 13ರಷ್ಟು ಕ್ರೋಮಿಯಂ ಇರುವ, ಹದ ಹಿಡಿಯುವ ಸ್ಟೇನ್‌ಲೆಸ್ ಚಾಕು ಒಳ್ಳೆಯದು.

2. ಹಳೆಯ ಪಾಟಾದಲ್ಲಿ ಬೋಲ್ಟಿನ ತೂತಿನ ಸುತ್ತಲಿನ ಭಾಗ ಬಿಟ್ಟುಬಿಡಿ. ಕಣ್ಣಿಗೆ ಕಾಣದ ಬಿರುಕು ಅಲ್ಲೇ ಇರುತ್ತದೆ.

3. ಹದಕ್ಕೆ ಆತುರ ಬೇಡ. ಅಯಸ್ಕಾಂತ ಅಂಟದಷ್ಟು, ಅಂದರೆ ಸುಮಾರು 770 ಡಿಗ್ರಿ ಕಾದ ಮೇಲೂ ಇನ್ನೊಂದಿಷ್ಟು ಕಾಯಿಸಿ ಎಣ್ಣೆಗೆ ಅದ್ದಬೇಕು. ನೀರಿಗೆ ಅದ್ದಿದರೆ ಸೀಳುವ ಭಯ. ಆಮೇಲೆ ಅಲಗು ಉಜ್ಜಿ ಬೆಳ್ಳಗೆ ಮಾಡಿ ಬೆನ್ನಿನ ಕಡೆಯಿಂದ ಮೆಲ್ಲಗೆ ಬಿಸಿ ಕೊಟ್ಟರೆ ಬಣ್ಣ ಓಡುತ್ತ ಬರುತ್ತದೆ. ಕುಡಗೋಲಿನ ಬಾಯಿಗೆ ಹುಲ್ಲಿನ ಹಳದಿ ಸಾಕು. ಏಟು ತಿನ್ನುವ ಕೊಯ್ತಾಕ್ಕೆ ಕಂದು ದಾಟಿ ನೇರಳೆ ಮೂಡಲಿ. ಈ ಬಣ್ಣ ನೋಡುವ ಹೊತ್ತು ನನಗೆ ಕಸುಬಿನಲ್ಲೇ ಅತಿ ಪ್ರೀತಿಯದು. ಮುಂದೆ ಸಾಣೆ ಹಿಡಿಯುವಾಗ ಗ್ರೈಂಡರಿಗೆ ಒತ್ತಿಹಿಡಿದು ಬಾಯಿ ನೀಲಿಯಾದರೆ ಈ ಹದವೆಲ್ಲ ಹೋಯಿತು. ಸಾಣೆಕಲ್ಲು, ನೀರು, ತಾಳ್ಮೆ ಇರಲಿ.

4. ಅಲಗಿಗೆ ಅಂಟಿದ ಎರೆಮಣ್ಣು ಒಣಗುವ ಮುಂಚೆ ಕೆರೆದು ತೆಗೆಯಿರಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದುಕೊಂಡಿರುತ್ತದೆ. ಕಳೆ ತೆಗೆಯುವ ಕುರುಪಿಯಲ್ಲಿ ಕುಳಿ ಬೀಳುವುದು ಆ ಹೆಂಟೆಯ ಅಡಿಯಲ್ಲೇ.

5. ಕಬ್ಬಿನ ಹಾಲು ಸಿಹಿಯಾದರೂ ಕಬ್ಬಿಣಕ್ಕೆ ಹುಳಿಯೇ. ಭೀಮಾ ನದಿಯ ದಂಡೆಯಲ್ಲಿ ಕಬ್ಬು ಕಡಿಯುವವರು ಊಟಕ್ಕೆ ಕೂರುವ ಮುಂಚೆ ಕೊಯ್ತಾ ತೊಳೆದು, ಒರೆಸಿ ಇಡಲಿ.

6. ಯೂರಿಯಾ, ಪೊಟ್ಯಾಷ್, ಉಪ್ಪಿನ ಚೀಲಗಳ ಹತ್ತಿರ ಯಾವ ಅಲಗನ್ನೂ ತೂಗುಹಾಕಬೇಡಿ. ಅವು ಗಾಳಿಯ ನೀರು ಹೀರುತ್ತವೆ. ಪೊಟ್ಯಾಷಿನಲ್ಲೂ ಉಪ್ಪಿನಲ್ಲೂ ಇರುವ ಕ್ಲೋರೈಡ್ ಜಂಗಿನ ವೇಗ ಹೆಚ್ಚಿಸುತ್ತದೆ.

7. ಮನೆಯಲ್ಲಿ ತರಕಾರಿ ಹೆಚ್ಚುವ ಇಳಗಿಗೆ ಅಗಸಿ ಎಣ್ಣೆ ತೆಳ್ಳಗೆ ಸವರಿ. ನಮ್ಮ ಹೊಲದ ಈ ಎಣ್ಣೆ ಗಾಳಿಗೆ ಒಣಗಿ ಪೊರೆಗಟ್ಟುತ್ತದೆ. ದಪ್ಪ ಹಚ್ಚಿದರೆ ಅಂಟಂಟಾಗಿ ಧೂಳು ಕೂರುತ್ತದೆ. ಎಂಜಿನ್ ಎಣ್ಣೆ ಹೊಲದ ಸಾಮಾನಿಗಷ್ಟೇ.

8. ಕುಡಗೋಲು ಮುರಿಯುವುದು ಹಿಡಿಯೊಳಗೆ. ಜಾಲಿ ಹಿಡಿಯ ಸಂದಿಗೆ ಇಳಿದ ನೀರು ಹೊರಬರದು, ಅಲಗಿನ ಬಾಲ ಒಳಗೇ ಸವೆಯುತ್ತದೆ. ಸಂದಿಗೆ ಅರಗು ತುಂಬಿಸಿ. ಹಿಡಿ ಅಲ್ಲಾಡತೊಡಗಿದರೆ ಬಿಚ್ಚಿ ನೋಡಿ, ಬಟ್ಟೆ ಸುತ್ತಿ ಬಿಗಿ ಮಾಡಬೇಡಿ.

9. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನುಗ್ಗಿತ್ತು. ಅಂಥ ನೆರೆಯ ಕೆಸರಿನಿಂದ ತೆಗೆದ ಸಾಮಾನನ್ನು ಗುಜರಿಗೆ ಹಾಕುವ ಮುಂಚೆ ಶುದ್ಧ ನೀರಲ್ಲಿ ತೊಳೆದು, ಒಣಗಿಸಿ, ಸೀಮೆಎಣ್ಣೆಯಲ್ಲಿ ರಾತ್ರಿ ಮುಳುಗಿಸಿ ತಂತಿ ಬ್ರಷ್‌ನಿಂದ ಉಜ್ಜಬೇಕು. ಕುಳಿ ಬೆನ್ನಿನಲ್ಲಿದ್ದರೆ ಇರಲಿ. ಬಾಯಿಯಲ್ಲಿದ್ದರೆ ಕುಳಿಯ ಬುಡ ಮುಟ್ಟುವವರೆಗೆ ಸಾಣೆ ಹಿಡಿಯಬೇಕು, ಇಲ್ಲವಾದರೆ ಮುಂದಿನ ಸುಗ್ಗಿಯಲ್ಲಿ ಬಾಯಿ ಅಲ್ಲಿಂದಲೇ ಚಕ್ಕೆ ಏಳುತ್ತದೆ.