ಗರ್ಭಕೋಶ ಬಿರಿದರೆ: ನಿಮಿಷಗಳ ಲೆಕ್ಕ, ಕಿಲೋಮೀಟರುಗಳ ಲೆಕ್ಕ

ನಮ್ಮ ಮನೆಯ ಉರ್ದುವಿನಲ್ಲಿ ಬಚ್ಚೇದಾನಿ, ಕನ್ನಡದಲ್ಲಿ ಗರ್ಭಕೋಶ. ಎರಡೂ ಭಾಷೆಗಳಲ್ಲಿ ಈ ಪದವನ್ನು ಮೆಲ್ಲಗೆ ಹೇಳುವುದೇ ರೂಢಿ. ಆದರೆ ಇದರ ಒಂದು ಅಪಾಯವನ್ನು ಹುಡುಗರು, ಹುಡುಗಿಯರು ಎಲ್ಲರೂ ತಿಳಿದಿರಬೇಕು.

ಏನಿದು?
ಹೆರಿಗೆ ನೋವಿನಲ್ಲಿ ಗರ್ಭಕೋಶದ ಸ್ನಾಯು ಬಿಗಿಯಾಗಿ ಮಗುವನ್ನು ಕೆಳಗೆ ತಳ್ಳುತ್ತದೆ. ಆ ಒತ್ತಡಕ್ಕೆ ಗರ್ಭಕೋಶದ ಗೋಡೆಯೇ ಹರಿದುಹೋಗುವುದುಂಟು. ಹೆಚ್ಚಾಗಿ ಹರಿಯುವುದು ಹಿಂದಿನ ಸಿಸೇರಿಯನ್ನಿನ ಹೊಲಿಗೆಯ ಜಾಗದಲ್ಲಿ. ಕೆಳಭಾಗದಲ್ಲಿ ಅಡ್ಡವಾಗಿ ಕೊಯ್ದ ಒಂದು ಸಿಸೇರಿಯನ್ ಆದವರು ಮುಂದೆ ಸಹಜ ಹೆರಿಗೆಗೆ ಪ್ರಯತ್ನಿಸಿದರೆ, ಸುಮಾರು 200 ಜನರಲ್ಲಿ ಒಬ್ಬರಿಗೆ ಹೀಗಾಗಬಹುದು. ಉದ್ದ ಕೊಯ್ತವಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಮಗು ಸಿಕ್ಕಿಹಾಕಿಕೊಂಡು ಹೆರಿಗೆ ನಿಂತಾಗ, ನೋವು ಬರಿಸುವ ಇಂಜೆಕ್ಷನ್ನನ್ನು ನಿಗಾ ಇಲ್ಲದೆ ಕೊಟ್ಟಾಗ, ಸಿಸೇರಿಯನ್ ಆಗದವರಿಗೂ ಹೀಗಾಗಬಹುದು.

ಲಕ್ಷಣಗಳು
ಇದ್ದಕ್ಕಿದ್ದಂತೆ ತಡೆಯಲಾರದ ಹೊಟ್ಟೆನೋವು, ಬರುತ್ತಿದ್ದ ಹೆರಿಗೆ ನೋವು ನಿಂತುಹೋಗುವುದು, ರಕ್ತಸ್ರಾವ, ತಲೆಸುತ್ತು, ನಾಡಿಯ ವೇಗ ಏರುವುದು, ಮಗು ಅಲುಗಾಡದಿರುವುದು. ಎಲ್ಲವೂ ಒಟ್ಟಿಗೆ ಬರಬೇಕೆಂದಿಲ್ಲ. ರಕ್ತ ಹೊಟ್ಟೆಯೊಳಗೇ ಸೋರುವುದರಿಂದ ಹೊರಗೆ ಕಾಣುವುದು ಸ್ವಲ್ಪವೇ ಇರಬಹುದು.

ಲೆಕ್ಕ ನೋಡೋಣ
ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ತಾಯಿಯ ಮೈಯಲ್ಲಿ ಒಟ್ಟು ಇರುವುದು ಐದಾರು ಲೀಟರ್. ಮಗುವಿಗೆ ಆಮ್ಲಜನಕ ತಪ್ಪಿದರೆ ಉಳಿಯುವುದು ನಿಮಿಷಗಳು ಮಾತ್ರ. ತಕ್ಷಣ ಆಪರೇಷನ್ ಮಾಡಿ ಮಗುವನ್ನು ತೆಗೆಯಬೇಕು, ರಕ್ತ ಕೊಡಬೇಕು, ಹರಿದದ್ದನ್ನು ಹೊಲಿಯಬೇಕು. ಹೊಲಿಯಲಾಗದಿದ್ದರೆ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ.

ಇನ್ನು ರಸ್ತೆ. ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಕೆ.ಆರ್. ನಗರದಿಂದ ಸುಮಾರು 40 ಕಿ.ಮೀ., ಹುಣಸೂರಿನಿಂದ 45, ಎಚ್.ಡಿ. ಕೋಟೆಯಿಂದ 50, ಪಿರಿಯಾಪಟ್ಟಣದಿಂದ 65. ಹಳ್ಳಿಯಿಂದ ತಾಲ್ಲೂಕು ಕೇಂದ್ರದ ದೂರ ಬೇರೆ. 108 ಎಷ್ಟು ಬೇಗ ಬಂದರೂ ಈ ಎರಡು ಲೆಕ್ಕ ತಾಳೆಯಾಗುವುದಿಲ್ಲ. ಆದ್ದರಿಂದ ಎಲ್ಲಿ ಹೆರಿಗೆ ಎಂಬುದು ನೋವು ಬರುವ ಮೊದಲೇ ತೀರ್ಮಾನವಾಗಿರಬೇಕು.

ಮನೆಯಲ್ಲಿ ಮಾಡಬೇಕಾದದ್ದು
• ಹೆರಿಗೆಗೆ ತವರಿಗೆ ಬರುವಾಗ ಬಟ್ಟೆಬರೆಯ ಜೊತೆ ಹಳೆಯ ಸಿಸೇರಿಯನ್ನಿನ ಡಿಸ್ಚಾರ್ಜ್ ಚೀಟಿಯೂ ತಾಯಿ ಕಾರ್ಡೂ ಬರಲಿ. ಕೊಯ್ತ ಯಾವ ರೀತಿಯದು ಎಂದು ವೈದ್ಯರಿಗೆ ತಿಳಿಯುವುದು ಆ ಚೀಟಿಯಿಂದ. ಹೊಟ್ಟೆಯ ಮೇಲಿನ ಗುರುತು ನೋಡಿ ಹೇಳಲಾಗದು.
• ಮೊದಲು ಸಿಸೇರಿಯನ್ ಆಗಿದ್ದರೆ ಆಶಾ ಕಾರ್ಯಕರ್ತೆಗೆ ಆರಂಭದಲ್ಲೇ ತಿಳಿಸಿ. ಆಪರೇಷನ್, ಅರಿವಳಿಕೆ ವೈದ್ಯರು, ರಕ್ತ ಈ ಮೂರೂ ರಾತ್ರಿಯಲ್ಲೂ ಸಿಗುವ ಆಸ್ಪತ್ರೆ ಯಾವುದೆಂದು ಕೇಳಿಟ್ಟುಕೊಳ್ಳಿ.
• ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 2 ವರ್ಷ ಅಂತರವಿರಲಿ. ಗಾಯ ಗಟ್ಟಿಯಾಗಲು ಸಮಯ ಬೇಕು.
• "ಇನ್ನೂ ಸ್ವಲ್ಪ ಹೊತ್ತು ನೋಡೋಣ" ಎಂದು ಯಾರಾದರೂ ಹೇಳಿದರೆ, ಕಾಯದೆ 108ಕ್ಕೆ ಕರೆ ಮಾಡಿ.

ನಮ್ಮ ಮನೆಗಳಲ್ಲಿ ಚೀಟಿ ಓದಬಲ್ಲವರು, ಫೋನ್ ಮಾಡಬಲ್ಲವರು ಎಷ್ಟೋ ಸಲ ನಾವೇ, ಪಿಯುಸಿ ಓದುವ ಮಕ್ಕಳು. ಅಕ್ಕ, ಅತ್ತಿಗೆ ಯಾರಾದರೂ ಗರ್ಭಿಣಿಯಾಗಿದ್ದರೆ ಆ ಚೀಟಿ ಎಲ್ಲಿದೆ ಎಂದು ಇವತ್ತೇ ಕೇಳಿ.