ಯೋಜಿತ ವಸತಿನಗರದ ಬೆಳವಣಿಗೆ: ಗಾಲ್ಫ್ ಬಡಾವಣೆ ಮತ್ತು ಸಿಮೆಂಟ್ ಕಾಲೊನಿಗಳಿಂದ ವ್ಯಾಪಾರಿಗೆ ಪಾಠಗಳು

ಊರುಗಳು ಎರಡು ಬಗೆಯಲ್ಲಿ ಹುಟ್ಟುತ್ತವೆ. ಸಂತೆ, ಹೊಳೆ, ಗುಡಿ, ರೈಲುದಾರಿಗಳ ಆಶ್ರಯದಲ್ಲಿ ತಾನಾಗಿಯೇ ಬೆಳೆಯುವುದು ಒಂದು ಬಗೆ. ಒಂದೇ ಸಂಸ್ಥೆ ನಕ್ಷೆ ಹಾಕಿ, ರಸ್ತೆ, ನೀರು, ಮನೆ, ಅಂಗಡಿಗಳ ಸ್ಥಳವನ್ನು ಮೊದಲೇ ಗೊತ್ತುಪಡಿಸಿ ಕಟ್ಟುವುದು ಇನ್ನೊಂದು ಬಗೆ. ಬೆಂಗಳೂರಿನ ಸಮೀಪ ಬಿಡದಿಯಲ್ಲಿಯೂ ನಂದಿಬೆಟ್ಟದ ಬಳಿಯೂ ಗಾಲ್ಫ್ ಮೈದಾನದ ಸುತ್ತ ನಿರ್ಮಾಣವಾದ ಬಡಾವಣೆಗಳು ಎರಡನೆಯ ಬಗೆಗೆ ಸೇರುತ್ತವೆ. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಸೇಡಂಗಳಲ್ಲಿ ಕಾರ್ಖಾನೆಗಳ ಸುತ್ತ ಎದ್ದ ಕಾಲೊನಿಗಳೂ ಅದೇ ಬಗೆಯವು. ಇಂತಹ ನಗರವನ್ನು ನಂಬಿ ಬಂಡವಾಳ ಹೂಡುವ ವ್ಯಾಪಾರಿಯು ಅದರ ಬೆಳವಣಿಗೆಯನ್ನು ಅಳೆಯುವ ಕ್ರಮವನ್ನು ಅರಿತಿರಬೇಕು.

ಗಾಲ್ಫ್ ನಗರದ ಉದಾಹರಣೆ

ಅಮೆರಿಕದ ಫ್ಲೋರಿಡಾ ರಾಜ್ಯದ ‘ದಿ ವಿಲೇಜಸ್’ ಗಾಲ್ಫ್ ಬಡಾವಣೆಗಳಲ್ಲಿ ಅತ್ಯಂತ ಹೆಸರಾದುದು. ಹೆರಾಲ್ಡ್ ಶ್ವಾರ್ಟ್ಸ್ ಎಂಬ ಉದ್ಯಮಿ 1960ರ ದಶಕದಲ್ಲಿ ಅಲ್ಲಿನ ಭೂಮಿಯನ್ನು ಅಂಚೆಯ ಮೂಲಕ ಮಾರುತ್ತಿದ್ದನು. 1968ರ ಕೇಂದ್ರ ಕಾಯ್ದೆ ಆ ವ್ಯಾಪಾರಕ್ಕೆ ತಡೆ ಹಾಕಿತು. ಬಳಿಕ ಅದೇ ನೆಲದಲ್ಲಿ ಸಾಗಿಸಬಹುದಾದ ಮನೆಗಳ ಬಡಾವಣೆಯನ್ನು ಆರಂಭಿಸಿದರೂ, 1980ರ ದಶಕದ ಆರಂಭದವರೆಗೆ ಮಾರಾಟವಾದ ಮನೆಗಳು ಸುಮಾರು 400 ಮಾತ್ರ.

1983ರಲ್ಲಿ ಅವನ ಮಗ ಗ್ಯಾರಿ ಮೋರ್ಸ್ ಉಸ್ತುವಾರಿಗೆ ಬಂದ ಮೇಲೆ ಸ್ಥಿತಿ ಬದಲಾಯಿತು. ನಿವೃತ್ತರು ಮನೆಯ ಗೋಡೆಯನ್ನಷ್ಟೇ ಕೊಳ್ಳುವುದಿಲ್ಲ, ಹೊತ್ತು ಕಳೆಯುವ ದಾರಿಯನ್ನೂ ಕೊಳ್ಳುತ್ತಾರೆ ಎಂಬುದನ್ನು ಮನಗಂಡು, ಸಣ್ಣ ಗಾಲ್ಫ್ ಮೈದಾನಗಳಲ್ಲಿ ನಿವಾಸಿಗಳಿಗೆ ಆಟ ಉಚಿತವೆಂದು ಸಾರಲಾಯಿತು. ಮೈದಾನದ ನಿರ್ವಹಣೆ ಪ್ರತಿ ಮನೆಯ ಮಾಸಿಕ ಶುಲ್ಕದಿಂದ ನಡೆಯಿತು. ರಸ್ತೆ, ಚರಂಡಿಗಳಿಗೆ ಬೇಕಾದ ಹಣವನ್ನು ಫ್ಲೋರಿಡಾದ 1980ರ ಕಾಯ್ದೆಯಡಿ ರಚಿತವಾದ ಅಭಿವೃದ್ಧಿ ಮಂಡಲಿಗಳು ಸಾಲಪತ್ರಗಳ ಮೂಲಕ ಎತ್ತಿ, ಮನೆಗಳ ಮೇಲಿನ ತೆರಿಗೆಯಿಂದ ತೀರಿಸಿದವು. ಮಾರುಕಟ್ಟೆ ಚೌಕಗಳು ಒಂದೊಂದಾಗಿ ಎದ್ದವು. ಆ ನಗರಪ್ರದೇಶದ ಜನಸಂಖ್ಯೆ 2010ರ ಗಣತಿಯಲ್ಲಿ 93,420 ಇದ್ದುದು 2020ರಲ್ಲಿ 1,29,752ಕ್ಕೆ ಏರಿತು. ಶೇಕಡಾ 39ರ ಈ ಏರಿಕೆಯು ಆ ದಶಕದಲ್ಲಿ ಅಮೆರಿಕದ ಮಹಾನಗರ ಪ್ರದೇಶಗಳಲ್ಲೇ ಅತಿ ಹೆಚ್ಚಿನದು.

ಇಲ್ಲಿ ಗಮನಿಸಬೇಕಾದುದು ಆಟವನ್ನಲ್ಲ, ಆದಾಯದ ಮೂಲವನ್ನು. ನಿವಾಸಿಗಳ ಕೈಗೆ ಬರುವ ಹಣ ಪಿಂಚಣಿ ಮತ್ತು ಉಳಿತಾಯದ್ದು. ಅದು ಸ್ಥಳೀಯವಾದ ಯಾವುದೇ ಒಂದು ಕಾರ್ಖಾನೆಯನ್ನು ಅವಲಂಬಿಸಿಲ್ಲ.

ಶಹಾಬಾದ್ ಮತ್ತು ವಾಡಿ

ಕಲಬುರಗಿ ಸೀಮೆಯ ಯೋಜಿತ ಕಾಲೊನಿಗಳ ಆಧಾರ ಇದಕ್ಕಿಂತ ಭಿನ್ನ. ಭೀಮಾ ಕಣಿವೆಯ ಸುಣ್ಣದಕಲ್ಲು ಮತ್ತು ರೈಲುದಾರಿ ಇವುಗಳ ತಳಹದಿ. ಮುಂಬಯಿ–ಮದ್ರಾಸ್ ದಾರಿಯಲ್ಲಿರುವ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ 1874ರಲ್ಲಿ ತೆರೆಯಿತು. ಒಂದು ಟನ್ ಕ್ಲಿಂಕರ್ ತಯಾರಿಸಲು ಸುಮಾರು ಒಂದೂವರೆ ಟನ್ ಸುಣ್ಣದಕಲ್ಲು ಬೇಕು. ಆದುದರಿಂದ ಸಿಮೆಂಟ್ ಕಾರ್ಖಾನೆ ಗಣಿಯ ಮಗ್ಗುಲಲ್ಲೇ ನೆಲೆಸುತ್ತದೆ, ನೌಕರರ ಮನೆಗಳು ಅದರ ಬೆನ್ನಿಗೆ ಬರುತ್ತವೆ.

1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಒಂದಾಗಿ ಎ.ಸಿ.ಸಿ. ರೂಪುಗೊಂಡಾಗ ಶಹಾಬಾದಿನ ಕಾರ್ಖಾನೆಯೂ ಅದರಲ್ಲಿತ್ತು. ಮುಂದೆ ಅದೇ ಪಟ್ಟಣದಲ್ಲಿ ಬಾಯ್ಲರ್ ಮೊದಲಾದ ಭಾರಿ ಯಂತ್ರೋಪಕರಣಗಳನ್ನು ತಯಾರಿಸುವ ಎ.ವಿ.ಬಿ. ಕಾರ್ಖಾನೆ ಬಂದಿತು. ಎರಡು ಕಾರ್ಖಾನೆಗಳ ಸಂಬಳ ಬಜಾರಿಗೆ ಇಳಿಯುತ್ತಿದ್ದ ಕಾಲವದು. ತರುವಾಯ ಹಳೆಯ ಸಿಮೆಂಟ್ ಕಾರ್ಖಾನೆ ಕೈ ಬದಲಾಗಿ ಬಾಗಿಲು ಮುಚ್ಚಿತು. ಯಂತ್ರ ಕಾರ್ಖಾನೆಯ ಒಡೆತನವೂ ಹಲವು ಬಾರಿ ಬದಲಾಯಿತು. ಶಹಾಬಾದ್ ಪಟ್ಟಣ ಉಳಿದುದಕ್ಕೆ ಒಂದು ಕಾರಣವುಂಟು: ಹಾಸುಗಲ್ಲಿನ ಗಣಿಗಳು ಮತ್ತು ಪಾಲಿಶ್ ಘಟಕಗಳು ಯಾವುದೇ ಒಂದು ಕಂಪನಿಯ ಸೊತ್ತಾಗಿರಲಿಲ್ಲ.

ವಾಡಿಯ ಕಾರ್ಖಾನೆ 1968ರಲ್ಲಿ ಆರಂಭವಾಯಿತು. 2001ರಲ್ಲಿ ವಾರ್ಷಿಕ 26 ಲಕ್ಷ ಟನ್ ಸಾಮರ್ಥ್ಯದ ಹೊಸ ಘಟಕವೂ, 2010ರಲ್ಲಿ ದಿನಕ್ಕೆ 12,500 ಟನ್ ಸಾಮರ್ಥ್ಯದ ಬೃಹತ್ ಕುಲುಮೆಯೂ ಸೇರಿದವು. ಸೇಡಂ ಮತ್ತು ಮಳಖೇಡಗಳಲ್ಲಿ 1980ರ ದಶಕದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದು, ಅವುಗಳ ಕಾಲೊನಿಗಳೂ ಬೆಳೆದವು.

ಅಳೆಯುವ ಬಗೆ

ಈ ಉದಾಹರಣೆಗಳಿಂದ ನಾಲ್ಕು ಪಾಠಗಳನ್ನು ಪಡೆಯಬಹುದು.

1. ಉತ್ಪಾದನೆಯ ಏರಿಕೆಯೇ ಗಿರಾಕಿಗಳ ಏರಿಕೆಯಲ್ಲ. ಹೊಸ ಕುಲುಮೆಗಳಲ್ಲಿ ಟನ್ ಒಂದಕ್ಕೆ ಬೇಕಾಗುವ ಕೈಗಳು ಹಳೆಯವಕ್ಕಿಂತ ಕಡಿಮೆ. ಕಾರ್ಖಾನೆಯ ಸಾಮರ್ಥ್ಯ ಇಮ್ಮಡಿಯಾದ ಸುದ್ದಿ ಕೇಳಿ ಅಂಗಡಿಯನ್ನು ಇಮ್ಮಡಿ ಮಾಡುವ ಮುನ್ನ ಕಾಲೊನಿಯಲ್ಲಿ ದೀಪ ಹತ್ತುವ ಮನೆಗಳೆಷ್ಟು, ಶಾಲೆಗೆ ಸೇರುವ ಮಕ್ಕಳೆಷ್ಟು ಎಂಬುದನ್ನು ಎಣಿಸಬೇಕು.

2. ನಿರ್ಮಾಣಕಾಲದ ವ್ಯಾಪಾರ ಬೇರೆ, ವಾಸಕಾಲದ ವ್ಯಾಪಾರ ಬೇರೆ. ಕಟ್ಟಡ ನಡೆಯುವಾಗ ಕಬ್ಬಿಣ, ಜಲ್ಲಿ, ಕೂಲಿಕಾರರ ದಿನಸಿ ಜೋರಾಗಿ ಓಡುತ್ತವೆ. ಕಟ್ಟಡ ಮುಗಿದೊಡನೆ ಆ ಜನ ಮುಂದಿನ ಕೆಲಸಕ್ಕೆ ತೆರಳುತ್ತಾರೆ. ಅವರನ್ನು ನಂಬಿ ದೀರ್ಘಾವಧಿಯ ಸಾಲ ಮಾಡಬಾರದು.

3. ಒಂದೇ ಸಂಬಳದ ಮೇಲಿನ ಅವಲಂಬನೆಯನ್ನು ಲೆಕ್ಕದಲ್ಲಿ ನೋಡಬೇಕು. ತಿಂಗಳಿಗೆ 2 ಲಕ್ಷ ರೂಪಾಯಿ ವಹಿವಾಟಿನ ಅಂಗಡಿಯೊಂದಿದೆ ಎಂದು ಭಾವಿಸೋಣ. ಅದರಲ್ಲಿ 1.2 ಲಕ್ಷ ಒಂದೇ ಕಾರ್ಖಾನೆಯ ನೌಕರರದು. ಶೇಕಡಾ 15ರ ಅಂತರದಲ್ಲಿ 30,000 ರೂ. ಉಳಿದರೆ, ಬಾಡಿಗೆ, ಆಳು, ವಿದ್ಯುತ್ತು, ಬಡ್ಡಿಗೆ 22,000 ರೂ. ಹೋಗಿ ನಿಜವಾದ ಲಾಭ 8,000 ರೂ. ಆಗುತ್ತದೆ. ಆ ನೌಕರರ ಖರೀದಿ ಅರ್ಧಕ್ಕೆ ಇಳಿದರೆ ವಹಿವಾಟು 1.4 ಲಕ್ಷಕ್ಕೂ ಉಳಿಕೆ 21,000 ರೂಪಾಯಿಗೂ ಕುಸಿಯುತ್ತವೆ. ಖರ್ಚು ಮಾತ್ರ ಹಾಗೆಯೇ ಇರುತ್ತದೆ. ವಹಿವಾಟು ಶೇಕಡಾ 30 ಇಳಿದರೂ ಸಾಕು, ಲಾಭ 1,000 ರೂಪಾಯಿಯ ನಷ್ಟವಾಗಿ ತಿರುಗುತ್ತದೆ. ಉದ್ದರಿ ವಸೂಲಾಗದಿದ್ದರೆ ಪೆಟ್ಟು ಇನ್ನೂ ದೊಡ್ಡದು.

4. ಪೂರೈಕೆದಾರನ ರಕ್ಷಣೆ ಕಾಗದದಲ್ಲಿರಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣದ ಗಡುವು ಒಪ್ಪಂದದಲ್ಲಿಯೂ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ಇದರ ಪ್ರಯೋಜನಕ್ಕೆ ಸರಕು ಪೂರೈಸುವ ಮೊದಲೇ ಉದ್ಯಮ ನೋಂದಣಿ ಮಾಡಿಸಿಕೊಂಡಿರುವುದು ಕ್ಷೇಮ. ಬರಿಯ ವ್ಯಾಪಾರಿಗಳನ್ನು 2021ರ ಜುಲೈಯಲ್ಲಿ ನೋಂದಣಿಗೆ ಸೇರಿಸಿದ್ದು ಆದ್ಯತಾವಲಯದ ಸಾಲಕ್ಕೆ ಮಾತ್ರ. ಬಾಕಿ ವಸೂಲಿಯ ಈ ರಕ್ಷಣೆ ಅವರಿಗೆ ವಿಸ್ತರಿಸಿಲ್ಲ ಎಂಬುದನ್ನು ಮರೆಯಬಾರದು.

ಫ್ಲೋರಿಡಾದ ನಗರ ಬೆಳೆದದ್ದು ನಾನಾ ಕಡೆಗಳಿಂದ ಬಂದ ಸಾವಿರಾರು ಪಿಂಚಣಿಗಳ ಬಲದಿಂದ. ಶಹಾಬಾದ್ ಬಜಾರು ಕಾರ್ಖಾನೆಯ ಸಂಬಳ ಬತ್ತಿದಾಗಲೂ ತೀರ ಮುಚ್ಚದೆ ಉಳಿದದ್ದು ಕಲ್ಲಿನ ಚಿಕ್ಕಪುಟ್ಟ ಘಟಕಗಳಿಂದ. ಕಾಲೊನಿಯ ಗೇಟಿನೆದುರು ಅಂಗಡಿ ಇಟ್ಟವರು ಸುತ್ತಲಿನ ತೊಗರಿ ಬೆಳೆಗಾರರನ್ನೂ ಹಳ್ಳಿಗಳ ಗಿರಾಕಿಗಳನ್ನೂ ಕೈಬಿಡದೆ ನಡೆಸಿಕೊಂಡು ಬಂದರೆ, ಗೇಟು ಮುಚ್ಚಿದ ದಿನವೂ ಅಂಗಡಿಯ ಬಾಗಿಲು ತೆರೆದಿರುತ್ತದೆ.