ಹೃದಯ ನಿಲ್ಲಿಸಿ ಮಾಡುವ ಆಪರೇಷನ್: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ, ಬಹಳ ವರ್ಷಗಳಿಂದ ಶುಗರ್ ಇದೆ. ಮೂರು ಕಡೆ ಬ್ಲಾಕ್, ಬೈಪಾಸ್ ಆಗಲೇಬೇಕಂತೆ. ಹೃದಯ ನಿಲ್ಲಿಸಿ, ಮಷಿನ್ ಮೇಲೆ ಹಾಕಿ ಮಾಡುತ್ತೇವೆ ಎಂದು ಸರ್ಜನ್ ಹೇಳಿದಾಗಿನಿಂದ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ನಿಂತ ಹೃದಯ ಮತ್ತೆ ಬಡಿಯದಿದ್ದರೆ ಏನು ಗತಿ? ‘ಬೀಟಿಂಗ್ ಹಾರ್ಟ್’ ಆಪರೇಷನ್ನೇ ಒಳ್ಳೆಯದು, ಆಸ್ಪತ್ರೆ ಬದಲಿಸಿ ಎಂದು ಚಿಕ್ಕಪ್ಪ ಹಟ ಹಿಡಿದಿದ್ದಾರೆ.
– ಓದುಗರು, ದಾವಣಗೆರೆ

ಉತ್ತರ: ಎರಡು ಪುಟದ ಪತ್ರದಲ್ಲಿ ಮಷಿನ್ ಬಗ್ಗೆ ಒಂದೂವರೆ ಪುಟ ಬರೆದಿದ್ದೀರಿ. ತಂದೆಯವರ ಶುಗರ್ ಎಷ್ಟಿದೆ, ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ಎಷ್ಟು, ಬೀಡಿ ಸೇದುತ್ತಾರೆಯೇ ಎಂಬುದನ್ನು ಒಂದು ಸಾಲಿನಲ್ಲೂ ಬರೆದಿಲ್ಲ. ನನಗೆ ಭಯ ಅದರದ್ದೇ, ಮಷಿನ್‌ದಲ್ಲ.

ಹೃದಯ ‘ನಿಲ್ಲಿಸುವುದು’ ಸಾವಲ್ಲ. ಪೊಟ್ಯಾಸಿಯಂ ಹೆಚ್ಚಿರುವ ತಣ್ಣನೆಯ ದ್ರಾವಣವನ್ನು ಹೃದಯದ ರಕ್ತನಾಳಗಳಿಗೆ ಬಿಟ್ಟು ಅದನ್ನು ವಿಶ್ರಾಂತಿಗೆ ಇಡುತ್ತಾರೆ. ಅಷ್ಟು ಹೊತ್ತು ಮೈಯ ರಕ್ತ ಕೊಳವೆಯಲ್ಲಿ ಯಂತ್ರಕ್ಕೆ ಹೋಗಿ, ಆಮ್ಲಜನಕ ತುಂಬಿಕೊಂಡು ಮಹಾಪಧಮನಿಗೆ ಮರಳುತ್ತಿರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮೊದಲು ಹೆಪಾರಿನ್, ಮುಗಿದ ಮೇಲೆ ಅದರ ಪರಿಣಾಮ ಇಳಿಸಲು ಪ್ರೋಟಮೀನ್ ಕೊಡುತ್ತಾರೆ. ಯಂತ್ರದ ಮುಂದೆ ಪರ್ಫ್ಯೂಷನಿಸ್ಟ್ ಎಂಬ ತಜ್ಞರು ಒಂದು ನಿಮಿಷವೂ ಕದಲದೆ ಕೂತಿರುತ್ತಾರೆ. ರೋಗಿಯ ಮನೆಯವರು ಅವರ ಮುಖವನ್ನೂ ನೋಡಿರುವುದಿಲ್ಲ, ಆದರೆ ಆ ಹೊತ್ತಿನ ಜೀವ ಅವರ ಕೈಯಲ್ಲಿರುತ್ತದೆ. ಬೆಚ್ಚನೆಯ ರಕ್ತ ಮತ್ತೆ ಹರಿದಾಗ ಹೆಚ್ಚಿನ ಹೃದಯಗಳು ತಾವಾಗಿಯೇ ಬಡಿಯತೊಡಗುತ್ತವೆ. ಕೆಲವಕ್ಕೆ ಸಣ್ಣ ಶಾಕ್, ಕೆಲವಕ್ಕೆ ಒಂದೆರಡು ದಿನ ಪೇಸಿಂಗ್ ತಂತಿ ಬೇಕಾಗಬಹುದು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಡಾ. ಜಾನ್ ಗಿಬ್ಬನ್ ಅವರು 18 ವರ್ಷದ ಹುಡುಗಿಯೊಬ್ಬಳ ಹೃದಯದ ರಂಧ್ರವನ್ನು ಇಂಥ ಯಂತ್ರದ ನೆರವಿನಿಂದ ಮುಚ್ಚಿದರು. ಅಂದಿನಿಂದ ಎಪ್ಪತ್ತು ವರ್ಷ ದಾಟಿದೆ. ಹೆದರಬೇಡಿ.

ಇನ್ನು ಚಿಕ್ಕಪ್ಪನವರ ಮಾತು. ಯಂತ್ರವಿಲ್ಲದೆ, ಬಡಿಯುತ್ತಿರುವ ಹೃದಯದ ಮೇಲೆಯೇ ಮಾಡುವ ‘ಬೀಟಿಂಗ್ ಹಾರ್ಟ್’ ಎಂದರೆ ಉತ್ತಮ, ಮಷಿನ್ ಎಂದರೆ ಹಳೆಯದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇದನ್ನು ಕೇಳಿ ಕೇಳಿ ನನಗೆ ಸಿಟ್ಟು ಬರುತ್ತದೆ. ಭಾರತವೂ ಸೇರಿ 19 ದೇಶಗಳ 4,752 ರೋಗಿಗಳ ಮೇಲೆ ‘ಕೊರೊನರಿ’ ಎಂಬ ಅಧ್ಯಯನ ನಡೆಯಿತು. ಯಂತ್ರವಿಲ್ಲದೆ ಮಾಡಿಸಿಕೊಂಡವರಿಗೆ ರಕ್ತ ಕೊಡಬೇಕಾದದ್ದು ಕಡಿಮೆ, ಮೊದಲ ದಿನಗಳಲ್ಲಿ ಕಿಡ್ನಿಗೆ ತೊಂದರೆಯೂ ಕಡಿಮೆ, ನಿಜ. ಆದರೆ ಐದು ವರ್ಷಗಳ ನಂತರ ಸಾವು, ಲಕ್ವ, ಹೃದಯಾಘಾತದ ಲೆಕ್ಕ ನೋಡಿದರೆ ಎರಡೂ ಗುಂಪುಗಳಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದ ‘ರೂಬಿ’ ಅಧ್ಯಯನದಲ್ಲಂತೂ ಐದು ವರ್ಷದೊಳಗೆ ತೀರಿಕೊಂಡವರು ಯಂತ್ರವಿಲ್ಲದ ಗುಂಪಿನಲ್ಲಿ ನೂರಕ್ಕೆ 15, ಯಂತ್ರದ ಗುಂಪಿನಲ್ಲಿ 12. ಮಹಾಪಧಮನಿಯಲ್ಲಿ ಸುಣ್ಣ ಕಟ್ಟಿಕೊಂಡವರಿಗೆ ಯಂತ್ರ ತಪ್ಪಿಸುವುದು ಲೇಸು. ಉಳಿದವರಿಗೆ ನಿಮ್ಮ ಸರ್ಜನ್ ದಿನಾಲೂ ಮಾಡಿ ಪಳಗಿರುವ ವಿಧಾನವೇ ಒಳ್ಳೆಯದು. ಅವರಿಗೆ ರೂಢಿಯಿಲ್ಲದ್ದನ್ನು ಮಾಡಿ ಎಂದು ಒತ್ತಾಯಿಸಬೇಡಿ.

ನೀವು ಮಾಡಬೇಕಾದದ್ದು ಬೇರೆ. ಎಚ್‌ಬಿಎ1ಸಿ, ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಎಕೋ, ಕತ್ತಿನ ರಕ್ತನಾಳದ ಡಾಪ್ಲರ್, ಬೀಡಿ ಸೇದುವವರಾದರೆ ಶ್ವಾಸಕೋಶದ ಪರೀಕ್ಷೆ: ಇವೆಲ್ಲ ಆಗಿವೆಯೇ ಕೇಳಿ, ಆಗದಿದ್ದರೆ ಮಾಡಿಸಿ. ‘ದುಡ್ಡು ಕೀಳಲು ಬರೆಯುತ್ತಾರೆ’ ಎನ್ನಬೇಡಿ. ಶುಗರ್ ಹತೋಟಿಯಲ್ಲಿಲ್ಲದವರ ಎದೆಯ ಗಾಯ ಕೀವಾಗಿ ವಾರಗಟ್ಟಲೆ ನರಳಿದ್ದನ್ನು, ಹಿಮೋಗ್ಲೋಬಿನ್ ಕಡಿಮೆ ಇದ್ದವರಿಗೆ ಬಾಟಲಿ ಮೇಲೆ ಬಾಟಲಿ ರಕ್ತ ಏರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಸೇದುತ್ತಿದ್ದರೆ ಬೀಡಿ ಇವತ್ತೇ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೊಪಿಡೋಗ್ರೆಲ್ ಮಾತ್ರೆಯನ್ನು ಸಾಮಾನ್ಯವಾಗಿ ಐದು ದಿನ ಮೊದಲು ನಿಲ್ಲಿಸುತ್ತಾರೆ, ಆದರೆ ಸರ್ಜನ್ ಹೇಳಿದ ದಿನದಿಂದ ಮಾತ್ರ.

ಪ್ರಶ್ನೆ: ನಮ್ಮ ಯಜಮಾನರಿಗೆ ಬೈಪಾಸ್ ಆಗಿ ಐದು ವಾರವಾಯಿತು. ಎದೆಯ ಗಾಯ ಒಣಗಿದೆ. ಆದರೆ ಇಟ್ಟ ವಸ್ತು ಮರೆಯುತ್ತಾರೆ, ಸುಮ್ಮನೆ ಅಳುತ್ತಾರೆ, ರಾತ್ರಿ ನಿದ್ದೆಯಿಲ್ಲ. ಮಷಿನ್‌ನಿಂದ ಮೆದುಳು ಕೆಟ್ಟಿದೆ ಎಂದು ಓರಗಿತ್ತಿ ಹೇಳುತ್ತಾಳೆ. ಹೌದೇ?
– ಓದುಗರು, ಶಿರಸಿ

ಉತ್ತರ: ತಾಯಿ, ಮೊದಲು ಸಮಾಧಾನ ಮಾಡಿಕೊಳ್ಳಿ. ನೀವು ಬರೆದದ್ದು ಈ ಆಪರೇಷನ್ ಆದ ಅನೇಕರಲ್ಲಿ ಕಾಣುತ್ತದೆ, ಹೆಚ್ಚಿನವರಲ್ಲಿ ಕೆಲವೇ ತಿಂಗಳಲ್ಲಿ ತಿಳಿಯಾಗುತ್ತದೆ. ಯಂತ್ರವೇ ಕಾರಣ ಎಂದು ವೈದ್ಯರೂ ಬಹುಕಾಲ ಶಂಕಿಸಿದ್ದರು. ನೆದರ್ಲೆಂಡ್ಸ್‌ನಲ್ಲಿ ಯಂತ್ರ ಬಳಸಿದವರನ್ನೂ ಬಳಸದವರನ್ನೂ ಐದು ವರ್ಷ ಹಿಂಬಾಲಿಸಿ ನೋಡಿದರೆ, ನೆನಪಿನ ಶಕ್ತಿಯಲ್ಲಿ ವ್ಯತ್ಯಾಸ ಸಿಗಲಿಲ್ಲ. ರಕ್ತನಾಳದ ಕಾಯಿಲೆ ಹೃದಯಕ್ಕೆ ಬಂದವರ ಮೆದುಳಿನ ನಾಳಗಳೂ ಸಾಮಾನ್ಯವಾಗಿ ಸವೆದಿರುತ್ತವೆ. ಅದರ ಮೇಲೆ ಐಸಿಯುನ ನಿದ್ದೆಗೇಡು, ನೋವಿನ ಮಾತ್ರೆ, ಸಾವನ್ನು ಹತ್ತಿರದಿಂದ ಕಂಡ ಭಯ.

ಆದರೆ ‘ತಾನಾಗಿ ಹೋಗುತ್ತದೆ’ ಎಂದು ಕೂರಬೇಡಿ. ಹಿಮೋಗ್ಲೋಬಿನ್, ಸೋಡಿಯಂ, ಥೈರಾಯ್ಡ್, ಬಿ12 ನೋಡಿಸಿ. ಅಳು ಇನ್ನೆರಡು ವಾರ ಹೀಗೇ ಮುಂದುವರಿದರೆ ಮನೋವೈದ್ಯರಿಗೆ ತೋರಿಸಿ. ಅದು ಖಿನ್ನತೆ ಇರಬಹುದು, ಅದಕ್ಕೆ ಔಷಧಿ ಇದೆ. ಖಿನ್ನತೆಯಲ್ಲಿ ಮುಳುಗಿದವರು ನಡಿಗೆ ಬಿಡುತ್ತಾರೆ, ಮಾತ್ರೆ ತಪ್ಪಿಸುತ್ತಾರೆ, ಕೊನೆಗೆ ಹಾಕಿದ ಹೊಸ ನಾಳಕ್ಕೇ ಕುತ್ತು. ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈ ಸೋತರೆ ಅದೇ ಗಳಿಗೆ ಸಿ.ಟಿ. ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಬೈಪಾಸ್ ಆದ ಮೂರನೆಯ ದಿನ ಎದೆ ಬಡಿತ ತಾಳ ತಪ್ಪಿತ್ತು. ಆಪರೇಷನ್ ಕೆಟ್ಟಿತೆಂದು ಅರ್ಥವೇ?
– ಓದುಗರು, ಮಂಡ್ಯ

ಉತ್ತರ: ಅಲ್ಲ. ಹೃದಯ ಶಸ್ತ್ರಚಿಕಿತ್ಸೆಯಾದ ಸುಮಾರು ಮೂವರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಬಹುಪಾಲು ಸರಿಹೋಗುತ್ತದೆ. ಆದರೆ ಸದ್ದಿಲ್ಲದೆ ಮರುಕಳಿಸಿ ಲಕ್ವ ತರಬಲ್ಲದು. ಮುಂದಿನ ಭೇಟಿಯಲ್ಲಿ ಇಸಿಜಿ ಮಾಡಿಸಿ, 24 ಗಂಟೆಯ ಹೋಲ್ಟರ್ ಬೇಕೇ ಎಂದು ಕೇಳಿ. ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ಪ್ರಶ್ನೆ: ನನಗೆ 27 ವರ್ಷ. ಆರು ವರ್ಷದ ಹಿಂದೆ ಮೈಟ್ರಲ್ ವಾಲ್ವ್ ಬದಲಿಸಿ ಲೋಹದ್ದು ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದಿರಲು ಅಸಿಟ್ರಾಮ್ ಮಾತ್ರೆ ನುಂಗುತ್ತೇನೆ. ಆರಾಮಾಗಿರುವುದರಿಂದ ಐದು ತಿಂಗಳಿಂದ ರಕ್ತ ಪರೀಕ್ಷೆ ಮಾಡಿಸಿಲ್ಲ. ಸೊಪ್ಪು ಪೂರ್ತಿ ಬಿಟ್ಟಿದ್ದೇನೆ. ಈಗ ಮದುವೆಯಾಗಿದೆ, ಮಗು ಬೇಕು. ಮಾತ್ರೆ ನಿಲ್ಲಿಸಲೇ?
– ಓದುಗರು, ರಾಯಚೂರು

ಉತ್ತರ: ನಿಲ್ಲಿಸಬೇಡಮ್ಮಾ! ಮಾತ್ರೆ ಬಿಟ್ಟರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಅಪಾಯ. ಹಾಗೆಂದು ಇದೇ ಮಾತ್ರೆಯಲ್ಲಿ ಗರ್ಭ ನಿಂತರೆ, ಆರರಿಂದ ಹನ್ನೆರಡನೆಯ ವಾರದ ನಡುವೆ ಮಗುವಿನ ಬೆಳವಣಿಗೆಗೆ ಪೆಟ್ಟು ಬೀಳಬಹುದು. ಹೃದ್ರೋಗ ತಜ್ಞರೂ ಹೆರಿಗೆ ತಜ್ಞರೂ ಕೂತು, ಯಾವಾಗ ಮಾತ್ರೆ, ಯಾವಾಗ ಹೆಪಾರಿನ್ ಇಂಜೆಕ್ಷನ್ ಎಂದು ಮೊದಲೇ ಗೊತ್ತುಮಾಡಬೇಕು. ಅದು ಆಗುವವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಿ, ಗಂಡನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಸೊಪ್ಪು ಬಿಡಬೇಕಿಲ್ಲ, ವಾರವಾರವೂ ಹೆಚ್ಚು ಕಡಿಮೆ ಅಷ್ಟೇ ತಿಂದರೆ ಸಾಕು. ನಾಟಿ ಔಷಧಿ, ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ ಬೇಡವೇ ಬೇಡ.

ಆರಾಮಾಗಿದ್ದೇನೆ ಎಂದು ಪರೀಕ್ಷೆ ಬಿಟ್ಟಿದ್ದು ದೊಡ್ಡ ತಪ್ಪು. ರಕ್ತ ಎಷ್ಟು ತೆಳುವಾಗಿದೆ ಎಂಬುದು ಮೈಗೆ ತಿಳಿಯುವುದಿಲ್ಲ, ಐಎನ್‌ಆರ್ ಪರೀಕ್ಷೆಯಿಂದಷ್ಟೇ ತಿಳಿಯುತ್ತದೆ. ಮೈಟ್ರಲ್ ಜಾಗದ ಲೋಹದ ವಾಲ್ವ್‌ಗೆ ಐಎನ್‌ಆರ್ ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಇರಬೇಕು. ನಾಳೆಯೇ ಮಾಡಿಸಿ, ಎಕೋ ಕೂಡ ಮಾಡಿಸಿ, ಎರಡೂ ವರದಿ ಹಿಡಿದು ಈ ವಾರದೊಳಗೆ ನಿಮ್ಮ ವೈದ್ಯರನ್ನು ಕಾಣಿರಿ.